ಕೀಳದ ಹೂವಿನ ಪೂಜೆ



ನಮ್ಮ ಧರ್ಮದಲ್ಲಿ ನೋಟಕ್ಕೆ ಹಿರಿದಾದ ಸ್ಥಾನವಿದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು, ದೃಷ್ಟಿಯನ್ನು ಅದರಲ್ಲಿ ನಿಲಿಸಿ, ನೋಡುವವನೂ ನೋಡಿಸಿಕೊಳ್ಳುವ ವಸ್ತುವೂ ಬೇರೆಯಲ್ಲವೆಂಬ ಅರಿವನ್ನು ಪಡೆಯುವುದೇ ಶಿವಯೋಗದ ಸಾರ. ಕಣ್ಣು ಅಲೆದಾಡಿದರೆ ಮನಸ್ಸೂ ಅಲೆದಾಡುತ್ತದೆ. ಕಣ್ಣು ನಿಂತರೆ ಮನಸ್ಸು ತಾನೂ ನಿಲ್ಲುತ್ತದೆ. ಈಗಿನ ಕಾಲದಲ್ಲಿ ಅಂಗೈಗೆ ಇನ್ನೊಂದು ವಸ್ತುವೂ ಬಂದು ಕುಳಿತಿದೆ. ಕ್ಯಾಮೆರಾ ಅಡಗಿರುವ ಮೊಬೈಲು ಇಲ್ಲದ ಮನೆಯೇ ವಿರಳ. ಅದನ್ನು ಹಿಡಿದವರ ಕಣ್ಣು ನಿಲ್ಲುತ್ತದೆಯೋ ಅಲೆಯುತ್ತದೆಯೋ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಮಲೆನಾಡಿನ ಕಡೆಯ ಭಕ್ತರ ಮನೆಗಳಲ್ಲಿ ಒಂದು ಚರ್ಚೆಯನ್ನು ನಾವು ಹಲವು ಸಲ ಕೇಳಿದ್ದೇವೆ. ಬೆಟ್ಟದಲ್ಲಿ ನೀಲಕುರಿಂಜಿ ಅರಳಿದೆಯೆಂಬ ಸುದ್ದಿ ಬಂದೊಡನೆ ಮಕ್ಕಳು ಅಲ್ಲಿಗೆ ಹೋಗಿ ಫೋಟೋ ತೆಗೆಯಬೇಕೆನ್ನುತ್ತಾರೆ. ಅಜ್ಜಿಯಂದಿರು, ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವಲ್ಲವೇ, ನಾಲ್ಕು ಗೊಂಚಲು ಕಿತ್ತು ತನ್ನಿ, ಲಿಂಗಪೂಜೆಗೆ ಏರಿಸೋಣವೆನ್ನುತ್ತಾರೆ. ಮಕ್ಕಳದು ಮೋಜು, ಹಿರಿಯರದು ಭಕ್ತಿ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಈ ಹೂವಿನ ಮಟ್ಟಿಗೆ ಮಕ್ಕಳ ಮಾತನ್ನೇ, ಕೆಲವು ನಿಯಮಗಳೊಡನೆ, ನಡೆಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮೊದಲು ಆ ಗಿಡದ ಬಾಳನ್ನು ತಿಳಿಯಬೇಕು.

ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತವು ಅರ್ಧಚಂದ್ರಾಕಾರವಾಗಿ ಬಾಗಿ ನಿಂತ ಗಿರಿಶ್ರೇಣಿ. ಸುಮಾರು ೧,೯೩೦ ಮೀಟರು ಎತ್ತರದ ಮುಳ್ಳಯ್ಯನಗಿರಿ ನಮ್ಮ ನಾಡಿನಲ್ಲೇ ಅತ್ಯುನ್ನತ ಶಿಖರ. ಅದರ ನೆತ್ತಿಯ ಮೇಲೆ ಮುಳ್ಳಯ್ಯಸ್ವಾಮಿಯ ಸನ್ನಿಧಿಯಿದೆ. ಆ ತಪಸ್ವಿಯು ಅಲ್ಲಿನ ಗವಿಯಲ್ಲಿ ಧ್ಯಾನಸ್ಥನಾಗಿದ್ದನೆಂಬುದು ಭಕ್ತರ ನಂಬುಗೆ. ಹತ್ತಿರದಲ್ಲೇ ಸೀತಾಳಯ್ಯನಗಿರಿಯೂ, ಮುಂದೆ ಬಾಬಾಬುಡನ್‌ಗಿರಿಯೂ ಇವೆ. ಈ ಬೆಟ್ಟಗಳ ಮೇಲ್ಭಾಗದಲ್ಲಿ ದೊಡ್ಡ ಮರಗಳು ಕಣಿವೆಯ ಮಡಿಲಲ್ಲಿ ಮಾತ್ರ ಬೆಳೆಯುತ್ತವೆ. ಅವೇ ಶೋಲಾ ಕಾಡುಗಳು. ಉಳಿದ ಇಳಿಜಾರೆಲ್ಲ ಹುಲ್ಲುಗಾವಲು. ಆ ಹುಲ್ಲಿನ ನಡುವೆ, ಮೊಣಕಾಲೆತ್ತರದ ಬಡ ಪೊದೆಯಾಗಿ, ಯಾರ ಕಣ್ಣಿಗೂ ಬೀಳದೆ ಕುರಿಂಜಿ ವರ್ಷಗಳನ್ನು ಕಳೆಯುತ್ತದೆ. ಕಾಲ ಕೂಡಿಬಂದಾಗ, ಮಳೆಗಾಲ ಹಿಂಜರಿಯುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಇಳಿಜಾರಿಗೆ ಇಳಿಜಾರೇ ನೀಲಿಯಾಗುತ್ತದೆ. ೨೦೨೨ರಲ್ಲಿ ಚಂದ್ರದ್ರೋಣದ ಮೇಲೆ ಹಾಗೆ ಆಯಿತು. ಹನ್ನೆರಡರ ಲೆಕ್ಕ ತಪ್ಪದಿದ್ದರೆ ಅಲ್ಲಿ ಮತ್ತೆ ಆ ನೀಲಿಯನ್ನು ಕಾಣುವುದು ೨೦೩೪ರಲ್ಲಿ. ಕೇರಳದ ಮುನ್ನಾರಿನ ಬಳಿಯ ಇರವಿಕುಳಂನಲ್ಲಿ ೧೯೯೪, ೨೦೦೬, ೨೦೧೮ರಲ್ಲಿ ಅರಳಿದ್ದು, ಅಲ್ಲಿಯ ಮುಂದಿನ ಸರದಿ ೨೦೩೦. ಒಂದೊಂದು ಬೆಟ್ಟಕ್ಕೆ ಒಂದೊಂದು ಪಂಚಾಂಗವೆನ್ನಬಹುದು.

ಮಲ್ಲಿಗೆಯ ಬಳ್ಳಿ ಇಂದು ಹೂ ಕೊಟ್ಟು ನಾಳೆಯೂ ಕೊಡುತ್ತದೆ. ಕಣಗಿಲೆ, ದಾಸವಾಳಗಳೂ ಹಾಗೆಯೇ. ಕುರಿಂಜಿಯ ರೀತಿ ಬೇರೆ. ಅದು ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ; ಹೂ ಕಾಯಾಗಿ, ಕಾಯಿ ಒಣಗಿ ಬೀಜ ಸಿಡಿದ ಬಳಿಕ ಗಿಡ ಸಾಯುತ್ತದೆ. ಬಿದ್ದ ಬೀಜದಿಂದ ಮೊಳೆತ ಸಸಿಗಳೇ ಮುಂದಿನ ಹನ್ನೆರಡು ವರ್ಷದ ಸಂತತಿ. ಸಾವಿರಾರು ಗಿಡಗಳು ಒಟ್ಟಿಗೆ ಅರಳುವುದಕ್ಕೂ ಕಾರಣವನ್ನು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬೀಜ ತಿನ್ನುವ ಕೀಟಗಳೂ ಪ್ರಾಣಿಗಳೂ ಎಷ್ಟೇ ತಿಂದರೂ ಮಿಗುವಷ್ಟು ಬೀಜ ಒಮ್ಮೆಗೇ ಉದುರಬೇಕೆಂಬುದೇ ಆ ಉಪಾಯ. ಹೂವಿನಲ್ಲಿ ಮಕರಂದ ಹೇರಳ. ಜೇನುಹುಳುಗಳು ದಿನವೆಲ್ಲ ಮುತ್ತುತ್ತವೆ. ಬೆಟ್ಟವು ಹನ್ನೆರಡು ವರ್ಷ ಕೂಡಿಟ್ಟು ನಡೆಸುವ ದಾಸೋಹವದು. ಮಧ್ಯದಲ್ಲಿ ಹೋಗಿ ಹೂವನ್ನು ಕೀಳುವುದೆಂದರೆ ಪಂಕ್ತಿಯಲ್ಲಿ ಕುಳಿತವರ ಮುಂದಿನ ಎಲೆಯನ್ನು ಎಳೆದಂತೆ. ಅಷ್ಟೇ ಅಲ್ಲದೆ, ಕಿತ್ತ ಗೊಂಚಲಿನಲ್ಲಿ ಬೀಜವಾಗಬೇಕಾಗಿದ್ದ ೨೦೩೪ರ ಗಿಡಗಳೂ ಹೋದಂತಾಯಿತು.

ಪರದೇಶದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಬ್ರಿಟನ್ನಿನ ಬೆಟ್ಟಗಳ ಚಿತ್ರಗಳನ್ನು ಊರಿನ ಹಿರಿಯರಿಗೆ ಕಳುಹಿಸುವುದುಂಟು. ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿಯೂ ಹೆದರ್ ಎಂಬ ಕುರುಚಲು ಗಿಡ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಅರಳಿ ಬೆಟ್ಟಗಳನ್ನೆಲ್ಲ ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ಛಾಯಾಗ್ರಾಹಕರು ನಸುಕಿನಲ್ಲೇ ಹೋಗಿ ಕಾಯುತ್ತಾರೆ. ನೋಡುವವರಿಗೆ ನಮ್ಮ ಕುರಿಂಜಿಯ ಬೆಟ್ಟವೇ ಎಂಬ ಭ್ರಮೆಯಾಗಬಹುದು. ಆದರೆ ಹೆದರ್ ಗಿಡ ಹಲವು ವರ್ಷ ಬಾಳಿ ವರ್ಷವರ್ಷವೂ ಹೂ ಬಿಡುವಂಥದು. ಹೊಸ ಚಿಗುರು ಬರಲೆಂದು ಅಲ್ಲಿನವರು ಅದನ್ನು ಪಟ್ಟಿಪಟ್ಟಿಯಾಗಿ ಸರದಿಯ ಮೇಲೆ ಸುಡುವ ಪದ್ಧತಿಯೂ ಇದೆ. ಈ ವರ್ಷ ಚಿತ್ರ ಸರಿಬಾರದಿದ್ದರೆ ಬರುವ ವರ್ಷ ಹೋದರಾಯಿತು. ಚಂದ್ರದ್ರೋಣಕ್ಕೆ ಹೋದವರಿಗೆ ಆ ಅನುಕೂಲವಿಲ್ಲ. ಅವರ ಕಾಲಡಿಯಲ್ಲಿ ನಲುಗಿದ್ದು ಬರುವ ವರ್ಷ ಏಳುವುದಿಲ್ಲ.

೨೦೨೨ರಲ್ಲಿ ಗಿರಿಗೆ ಜನ ಕಿಕ್ಕಿರಿದು ಬಂದರು. ನೋಡಿ ಕೈಮುಗಿದು ಹೋದವರು ಅನೇಕರು. ಪೊದೆಗಳ ನಡುವೆ ಇಳಿದು, ಮಕ್ಕಳನ್ನು ಹೂವಿನ ಮೇಲೆಯೇ ಕುಳ್ಳಿರಿಸಿ, ಗೊಂಚಲುಗಳನ್ನು ಕಿತ್ತು ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಂಡವರನ್ನೂ ನಾವು ಕಂಡೆವು. ಹೊರಡುವಾಗ ಆ ಗೊಂಚಲುಗಳಲ್ಲಿ ಕೆಲವು ದಾರಿಯ ಬದಿಗೆ ಬಿದ್ದವು, ಕೆಲವು ಭಕ್ತಿಯಿಂದಲೇ ಸನ್ನಿಧಿಯ ಮೆಟ್ಟಿಲ ಮೇಲೆ ಸೇರಿದವು. ಎರಡೂ ಕಡೆ ಒಂದು ಗಳಿಗೆಯೊಳಗೆ ಬಾಡಿದವು. ಬಾಡಿದ ಹೂವಿಗೆ, ತನ್ನನ್ನು ಕಿತ್ತ ಕೈ ಮೋಜಿನದೋ ಭಕ್ತಿಯದೋ ಎಂಬ ಭೇದ ತಿಳಿಯದು.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಹಾಕಬಹುದು. ಅಷ್ಟವಿಧಾರ್ಚನೆಯಲ್ಲಿ ಪುಷ್ಪವೂ ಒಂದಲ್ಲವೇ? ಲಿಂಗಕ್ಕೇರಿದ ಹೂವಿನ ಬಾಳು ಸಾರ್ಥಕವಲ್ಲವೇ? ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. ನಮ್ಮ ಉತ್ತರವಿಷ್ಟು. ಪೂಜೆಗೆ ಸಲ್ಲುವ ಹೂವು ನಮ್ಮ ಕಾಯಕದಿಂದ ಬಂದದ್ದಾಗಬೇಕು. ಹಿತ್ತಲಲ್ಲಿ ನೀರೆರೆದು ಬೆಳೆಸಿದ ಒಂದು ಮಲ್ಲಿಗೆಯ ಮೊಗ್ಗಿನಲ್ಲಿ ನಮ್ಮ ಬೆವರಿದೆ. ಬೆಟ್ಟದ ಕುರಿಂಜಿಯಲ್ಲಿ ನಮ್ಮ ಬೆವರಿನ ಒಂದು ಹನಿಯೂ ಇಲ್ಲ. ಅದು ಈಗಾಗಲೇ ಇನ್ನೊಂದು ಪೂಜೆಯಲ್ಲಿ ತೊಡಗಿದೆ. ಜೇನಿಗೆ ಮಕರಂದವನ್ನೂ ನೆಲಕ್ಕೆ ಬೀಜವನ್ನೂ ಸಲ್ಲಿಸುವುದೇ ಅದರ ಅರ್ಚನೆ. ಶಿವನಿಗೆ ಒಮ್ಮೆ ಅರ್ಪಿತವಾದುದನ್ನು ನಾವು ತೆಗೆದು ಮತ್ತೆ ಅರ್ಪಿಸುವುದು ಭಕ್ತಿಯಾಗಲಾರದು. ಕುರಿಂಜಿಗೆ ನಾವು ಸಲ್ಲಿಸಬಹುದಾದ ಸೇವೆ ನೋಟದ ಸೇವೆ. ಸ್ಥಿರವಾದ ಕಣ್ಣಿನಿಂದ ನೋಡಿ, ಆ ನೋಟದ ನೆನಪಿಗೆ ಒಂದು ಚಿತ್ರವನ್ನು ತಂದರೆ ಸಾಕು.

ಇನ್ನು ಆ ಚಿತ್ರವನ್ನು ತೆಗೆಯುವ ಬಗೆ. ಛಾಯಾಗ್ರಹಣದಲ್ಲಿ ಪಳಗಿದ ಭಕ್ತರಿಂದ ಕೇಳಿ ತಿಳಿದುದನ್ನು ಮನೆಮಂದಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇವೆ.

ಸೂರ್ಯೋದಯದ ನಂತರದ ಒಂದೆರಡು ತಾಸು ಎಲ್ಲಕ್ಕೂ ಶ್ರೇಷ್ಠ. ಓರೆಯಾಗಿ ಬೀಳುವ ಬೆಳಕಿನಲ್ಲಿ ಬೆಟ್ಟದ ಮಡಿಕೆಗಳು ಎದ್ದು ಕಾಣುತ್ತವೆ. ನಡುಹಗಲ ಬಿಸಿಲಿನಲ್ಲಿ ಅದೇ ಬೆಟ್ಟ ಚಪ್ಪಟೆಯಾಗಿ, ಹೂವಿನ ಬಣ್ಣ ಸಪ್ಪೆಯಾಗಿ ತೋರುತ್ತದೆ. ಮೋಡ ಕವಿದಿದ್ದರೆ ನಿರಾಶರಾಗಬೇಕಾಗಿಲ್ಲ. ನೀಲಿ ಬಣ್ಣ ಮೋಡದ ಮೆದು ಬೆಳಕಿನಲ್ಲಿಯೇ ಹೆಚ್ಚು ಗಾಢವಾಗಿ ಕಾಣುವುದು. ಮಂಜು ಮುಸುಕಿದಾಗ ಮಾತ್ರ ಒಂದು ಎಚ್ಚರ ಬೇಕು. ಎಲ್ಲೆಲ್ಲೂ ಬಿಳುಪನ್ನು ಕಂಡ ಕ್ಯಾಮೆರಾ ಬೆಳಕು ವಿಪರೀತವಾಯಿತೆಂದು ಬಗೆದು ಚಿತ್ರವನ್ನು ಕಪ್ಪಾಗಿಸುತ್ತದೆ. ಹಾಲಿನಂಥ ಮಂಜು ಬೂದಿಯಂತಾಗುತ್ತದೆ. ಆಗ ಬೆಳಕಿನ ಪ್ರಮಾಣವನ್ನು ನಾವೇ ಒಂದಿಷ್ಟು ಏರಿಸಬೇಕು. ಮೊಬೈಲಿನಲ್ಲಿಯೂ ಪರದೆಯನ್ನು ಬೆರಳಿನಿಂದ ಮುಟ್ಟಿ ಹೀಗೆ ಏರಿಸುವ ಅನುಕೂಲವಿರುತ್ತದೆ.

ಬಣ್ಣದ ವಿಷಯದಲ್ಲಿ ಹೂವಿಗೆ ನಿಷ್ಠರಾಗಿರುವುದು ಕಷ್ಟ. ಹಿಂದೆ ಫಿಲ್ಮಿನ ಕಾಲದಲ್ಲಿ ಕೆಲವು ನೀಲಿ ಹೂಗಳು ಚಿತ್ರದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಕಣ್ಣಿಗೆ ಕಾಣದ ಕೆಂಪಿನಂಚಿನ ಬೆಳಕನ್ನು ಆ ಹೂಗಳು ಹೊರಚೆಲ್ಲುವುದೂ, ಫಿಲ್ಮು ಅದನ್ನು ಹಿಡಿಯುವುದೂ ಅದಕ್ಕೆ ಕಾರಣ. ಈಗಿನ ಉಪಕರಣಗಳಲ್ಲಿ ಇದಕ್ಕೆ ವಿರುದ್ಧವಾದ ಆಪತ್ತಿದೆ. ಬೆರಳ ತುದಿಯಿಂದ ಬಣ್ಣವನ್ನು ಎಷ್ಟು ಬೇಕಾದರೂ ಏರಿಸಬಹುದಾದ್ದರಿಂದ, ತಿಳಿನೇರಳೆಯ ಬೆಟ್ಟ ಮನೆಗೆ ಬರುವಷ್ಟರಲ್ಲಿ ಶಾಯಿ ಚೆಲ್ಲಿದ ಬೆಟ್ಟವಾಗಿರುತ್ತದೆ. ಅಂಥ ಚಿತ್ರವನ್ನು ನಂಬಿ ಗಿರಿಗೆ ಬಂದವರು ನಿಜವಾದ ಹೂವನ್ನು ಕಂಡು, ಇಷ್ಟೇನಾ ಎಂದು ಮುಖ ತಿರುವುತ್ತಾರೆ. ಚಿತ್ರದಲ್ಲಿಯೂ ಸತ್ಯವನ್ನು ನುಡಿಯುವುದು ಶರಣರ ಮಕ್ಕಳಿಗೆ ತಕ್ಕದ್ದು.

ದೂರದ ಬೆಟ್ಟವೂ ಹತ್ತಿರದ ಹೂವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರಬೇಕೆಂದರೆ ಮಸೂರದ ಕಂಡಿಯನ್ನು ಕಿರಿದುಮಾಡಿ ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಬೇಕು. ಗಾಳಿಯಲ್ಲಿ ಹೂವು ತೂಗುತ್ತಲೇ ಇರುವುದರಿಂದ, ಅದು ಒಂದು ಕ್ಷಣ ನಿಲ್ಲುವವರೆಗೆ ಕಾಯಬೇಕು. ಈ ಕಾಯುವಿಕೆಯೇ ಒಳ್ಳೆಯ ಸಾಧನೆ. ಹೂವಿನೊಳಕ್ಕೆ ಇಳಿಯಬೇಕಾದ ಅಗತ್ಯ ಯಾವ ಚಿತ್ರಕ್ಕೂ ಇಲ್ಲ. ಕಾಲುದಾರಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹೂವಿನ ಮಟ್ಟಕ್ಕೆ ಕಣ್ಣನ್ನು ತಂದರೆ, ದಾರಿ ಬದಿಯ ನಾಲ್ಕು ಗಿಡಗಳೇ ಸಾಗರದಂತೆ ಹಬ್ಬಿ ಕಾಣುತ್ತವೆ. ನಿಂತವನಿಗಿಂತ ಬಾಗಿದವನಿಗೆ ಬೆಟ್ಟ ಹೆಚ್ಚು ತೋರಿಸಿಕೊಳ್ಳುತ್ತದೆ. ದೂರದ ಇಳಿಜಾರನ್ನು ಹತ್ತಿರ ತರುವ ಉದ್ದ ಮಸೂರವಿದ್ದರಂತೂ ರಸ್ತೆಯನ್ನು ಬಿಡಬೇಕಾದ ಕಾರಣವೇ ಇಲ್ಲ. ಮಸೂರದ ಮೇಲೆ ತೇವ ಕೂರುವುದರಿಂದ ಒಂದು ಮೆತ್ತನೆಯ ಒಣ ಬಟ್ಟೆಯೂ ಕೊಡೆಯೂ ಜೊತೆಗಿರಲಿ.

ಕಾನೂನು ಸಹ ಈಗ ಹೂವಿನ ಪರವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ೨೦೨೩ರಿಂದ ನೀಲಕುರಿಂಜಿಯೂ ಸೇರಿದೆ. ಅದನ್ನು ಕೀಳುವುದು, ನಾಶಮಾಡುವುದು ಶಿಕ್ಷಾರ್ಹ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ೨೦೨೪ರಲ್ಲಿ ಈ ಗಿಡವನ್ನು ತನ್ನ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾದ ಜೀವವೆಂದು ಸೇರಿಸಿತು. ಹುಲ್ಲುಗಾವಲುಗಳು ತೋಟಗಳಾಗಿ, ಕಟ್ಟಡಗಳಾಗಿ ಕರಗಿದ್ದೂ, ಹೊರಗಿನಿಂದ ತಂದು ನೆಟ್ಟ ಮರಗಳು ಹಬ್ಬಿದ್ದೂ ಅದಕ್ಕೆ ಮುಖ್ಯ ಕಾರಣಗಳು. ಪ್ರವಾಸಿಗರ ಕಾಲ್ತುಳಿತವು ಅವುಗಳ ಮುಂದೆ ಚಿಕ್ಕದಿರಬಹುದು. ಆದರೆ ನಮ್ಮ ಕೈಯಲ್ಲಿ, ಕಾಲಲ್ಲಿ ಇರುವುದು ಅದೊಂದೇ ಆದ್ದರಿಂದ ನಾವು ಅದನ್ನೇ ಮೊದಲು ತಡೆಯಬೇಕು.

ತೆಗೆದ ಚಿತ್ರಗಳಲ್ಲಿ ಒಂದೆರಡನ್ನಾದರೂ ಕಾಗದದ ಮೇಲೆ ಮುದ್ರಿಸಿ ಮನೆಯ ಆಲ್ಬಮ್ಮಿನಲ್ಲಿಡಿರಿ. ಹಿಂಬದಿಯಲ್ಲಿ ದಿನಾಂಕ, ಬೆಟ್ಟದ ಹೆಸರು, ಯಾವ ಕಡೆಯ ಇಳಿಜಾರು ಎಂಬುದನ್ನು ಬರೆದಿಡಿರಿ. ಹನ್ನೆರಡು ವರ್ಷದ ಬಳಿಕ ಅದೇ ಸ್ಥಳದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆದಾಗ, ನೀಲಿ ಬೆಳೆದಿದೆಯೋ ಕುಗ್ಗಿದೆಯೋ ಎಂಬುದಕ್ಕೆ ಆ ಹಾಳೆಯೇ ಸಾಕ್ಷಿಯಾಗುತ್ತದೆ.

ತಮಿಳುನಾಡು, ಕೇರಳಗಳ ಬೆಟ್ಟಗಳಲ್ಲಿ ವಾಸಿಸುವ ಪಳಿಯ ಜನರು ಕುರಿಂಜಿ ಅರಳಿದ ಸಲಗಳಿಂದ ತಮ್ಮ ವಯಸ್ಸನ್ನು ಎಣಿಸುತ್ತಿದ್ದರೆಂದು ಹೇಳುತ್ತಾರೆ. ಅರ್ಥಪೂರ್ಣವಾದ ಲೆಕ್ಕವದು. ಎಂಬತ್ತನಾಲ್ಕು ವರ್ಷ ಬಾಳಿದವನ ಪಾಲಿಗೂ ಬರುವುದು ಏಳೇ ಹೂಬೇಸಾಯ. ೨೦೨೨ರಲ್ಲಿ ಎಂಟು ವರ್ಷದವಳಾಗಿದ್ದ ಮೊಮ್ಮಗಳು ೨೦೩೪ರಲ್ಲಿ ಇಪ್ಪತ್ತರ ತರುಣಿಯಾಗಿ ಗಿರಿಯನ್ನು ಏರುತ್ತಾಳೆ. ಅರವತ್ತು ದಾಟಿದ ನಮ್ಮಂಥವರು ಅಂದು ಆ ಮೆಟ್ಟಿಲುಗಳನ್ನು ಹತ್ತಬಲ್ಲೆವೋ ಇಲ್ಲವೋ, ಅದು ಶಿವಚಿತ್ತ. ಹತ್ತಿದವಳಿಗೆ ನೀಲಿ ಬೆಟ್ಟ ಕಾಣಬೇಕಾದರೆ ಹೂವು ಕಾಯಾಗಬೇಕು, ಕಾಯಿ ಬೀಜವಾಗಬೇಕು, ಬೀಜ ಅದೇ ಮಣ್ಣಿಗೆ ಬೀಳಬೇಕು. ಮುಂದೆ ಯಾವ ಬೆಟ್ಟದಲ್ಲಿ ಕುರಿಂಜಿ ಅರಳಿದರೂ ಸಂಸಾರಸಮೇತರಾಗಿ ಹೋಗಿ ಬನ್ನಿರಿ. ಕಣ್ತುಂಬ ನೋಡಿರಿ, ಬೇಕಾದಷ್ಟು ಚಿತ್ರ ತೆಗೆಯಿರಿ, ಒಂದು ಎಸಳನ್ನೂ ತರಬೇಡಿರಿ. ಲಿಂಗಪೂಜೆಗೆ ಹಿತ್ತಲಿನ ಮಲ್ಲಿಗೆ ಇದ್ದೇ ಇದೆ.