ತೆರೆಯನ್ನು ದೂರುವ ಮುನ್ನ



'ಸಿನಿಮಾ ನೋಡಿ ಮಕ್ಕಳು ಕೆಟ್ಟರು' ಎಂಬುದು ನಮ್ಮ ಮನೆಗಳಲ್ಲಿ ದಿನನಿತ್ಯ ಕೇಳಿಬರುವ ತೀರ್ಪು. ಒಂದು ಕಾಲಕ್ಕೆ ಚಿತ್ರಮಂದಿರ ಆರೋಪಿಯಾಗಿತ್ತು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಧಾರಾವಾಹಿ. ಇಂದು ಅಂಗೈಯ ಮೊಬೈಲ್. ಆರೋಪಿ ಬದಲಾಗುತ್ತಾನೆ, ತೀರ್ಪು ಬದಲಾಗುವುದಿಲ್ಲ. ಆದರೆ ಈ ವಿಚಾರಣೆಯಲ್ಲಿ ಮುಖ್ಯ ಸಾಕ್ಷಿಯನ್ನೇ ನಾವು ಕರೆಯಿಸಿಲ್ಲ. ಆ ಸಾಕ್ಷಿ ನೋಡುವ ಮಗು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗನಿಗೆ, ಹುಡುಗಿಗೆ 'ನೀನು ಕಂಡದ್ದೇನು? ಅದು ನಿನಗೆ ಸರಿಯೆನಿಸಿತೇ?' ಎಂದು ಕೇಳುವ ತಾಳ್ಮೆ ನಮಗಿದೆಯೇ? ಕೇಳದೆ ಬಯ್ಯುವುದು ಶಿಕ್ಷಣವಲ್ಲ. ಅದು ಹೊಣೆಯಿಂದ ನುಣುಚಿಕೊಳ್ಳುವ ಸುಲಭ ದಾರಿ.

ಕಸಿದುಕೊಂಡರೆ ಸಾಕೆನ್ನುವವರು 2020ನೆಯ ವರ್ಷವನ್ನು ನೆನೆಯಲಿ. ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಇತ್ತವರು ನಾವೇ. ಅದೇ ವರ್ಷದ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿತು. ಮುಂದಿನ ತಿಂಗಳಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದಿತು. ಒಂದು ಬಾಗಿಲು ಮುಚ್ಚಿತು, ಪಕ್ಕದ ಬಾಗಿಲು ತೆರೆಯಿತು. ನೋಡುವ ಕಣ್ಣಿಗೆ ಮಾತ್ರ ಯಾವ ಶಿಕ್ಷಣವೂ ದೊರೆಯಲಿಲ್ಲ.

ಇನ್ನು ಕೆಡುಕೆಲ್ಲ ತೆರೆಯಿಂದಲೇ ಬರುತ್ತದೆಂಬ ವಾದ. ನಮ್ಮ ಜಿಲ್ಲೆಯ ಮರಕುಂಬಿಯನ್ನು ಮರೆತವರು ಮಾತ್ರ ಹಾಗೆನ್ನಬಲ್ಲರು. 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಆ ಗ್ರಾಮದಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಅದಕ್ಕೆ ಕಿಡಿಯಾದದ್ದು ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟ್ ವಿಷಯವಾಗಿ ನಡೆದ ಜಗಳ. ಹಾಗಾದರೆ ಸಿನಿಮಾವೇ ಅಪರಾಧಿಯೇ? ದಲಿತರಿಗೆ ಕ್ಷೌರದಂಗಡಿ ಮುಚ್ಚಿದ್ದು, ಹೋಟೆಲಿನೊಳಗೆ ಪ್ರವೇಶ ನಿರಾಕರಿಸಿದ್ದು ಯಾವ ನಿರ್ದೇಶಕನ ಕಥೆಯೂ ಅಲ್ಲ. ಅದು ತಲೆತಲಾಂತರದಿಂದ ಊರೇ ಕಲಿಸಿದ ಪಾಠ. ಕಿಡಿ ಎಲ್ಲಿಂದಲಾದರೂ ಹಾರೀತು. ಒಣಹುಲ್ಲನ್ನು ಒಟ್ಟಿದವರು ನಾವು, ಹಿರಿಯರು.

ಹಾಗೆಂದು ತೆರೆ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ತೆರೆಯ ಮೇಲಿನ ನಾಯಕ ಇಪ್ಪತ್ತು ಜನರನ್ನು ಒಬ್ಬನೇ ಬಡಿದು, ಎರಡೂವರೆ ಗಂಟೆಯೊಳಗೆ ನ್ಯಾಯ ಒದಗಿಸುತ್ತಾನೆ. ಮರಕುಂಬಿಯ ಸಂತ್ರಸ್ತರು ಹತ್ತು ವರ್ಷ ಕಾದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಮರುತಿಂಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ನೀಡಿತು. ನಿಜವಾದ ನ್ಯಾಯವು ಸಾಕ್ಷಿ ಹೇಳುವ ಎದೆಗಾರಿಕೆಯನ್ನೂ ಕಾಯುವ ಶಕ್ತಿಯನ್ನೂ ಬೇಡುತ್ತದೆ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಲು ನಮ್ಮ ಯಾವ ಶಾಲೆ ಕಲಿಸುತ್ತಿದೆ?

ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳಿ. ಕನ್ನಡದ ಎಷ್ಟೋ ಚಿತ್ರಗಳಲ್ಲಿ, ಹಾಸ್ಯ ಕಾರ್ಯಕ್ರಮಗಳಲ್ಲಿ ಈ ಭಾಗದ ನುಡಿ ಬರುವುದು ನಗಿಸಲೆಂದು. ಅದನ್ನು ಕಂಡು ನಗುತ್ತ ನಗುತ್ತಲೇ ಯಲಬುರ್ಗಾದ ಮಗು, ತನ್ನ ಅವ್ವನ ಮಾತು ಗಂಭೀರ ವಿಷಯಕ್ಕೆ ತಕ್ಕುದಲ್ಲವೆಂಬ ಪಾಠವನ್ನೂ ನುಂಗುತ್ತದೆ. 2024ರಲ್ಲಿ ಬಿಡುಗಡೆಯಾದ, ಉತ್ಸವ್ ಗೋನವಾರ ನಿರ್ದೇಶನದ 'ಫೋಟೋ' ಚಿತ್ರದಲ್ಲಿ ಇದೇ ಸೀಮೆಯ ಹುಡುಗನೊಬ್ಬ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಹೊತ್ತು ಬೆಂಗಳೂರಿಗೆ ಹೋಗುತ್ತಾನೆ. ಲಾಕ್‌ಡೌನಿನಲ್ಲಿ ಕಾಲ್ನಡಿಗೆಯಲ್ಲಿ ಊರಿನತ್ತ ಮರಳಬೇಕಾಗುತ್ತದೆ. ಅಲ್ಲಿ ಅದೇ ನುಡಿ ನಗೆಯ ಸರಕಲ್ಲ, ಬದುಕಿನ ಭಾರ. ಕೂಲಿಗಾಗಿ ಗುಳೆ ಹೋಗುವ ಮನೆಗಳ ಮಕ್ಕಳೊಂದಿಗೆ ಕುಳಿತು ಇಂತಹ ಚಿತ್ರವನ್ನು ನೋಡಿ ಚರ್ಚಿಸಿದ ಧರ್ಮಕೇಂದ್ರಗಳೆಷ್ಟು?

ಧರ್ಮಸಭೆಯ ಹೆಸರಿನಲ್ಲಿ ನಿಷೇಧವನ್ನು ಸಮರ್ಥಿಸುವವರಿಗೂ ಒಂದು ಮಾತು. 1936ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್‌ರವರು ಚಲನಚಿತ್ರಗಳನ್ನು ಕುರಿತು ಹೊರಡಿಸಿದ ವಿಶ್ವಪತ್ರವು, ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ಭಕ್ತರಿಂದ ವರ್ಷಕ್ಕೊಮ್ಮೆ ಪ್ರತಿಜ್ಞೆ ಪಡೆಯಬೇಕೆಂದಿತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಸಮೂಹ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶಪತ್ರ ಇನ್ನೂ ಮುಂದೆ ಹೋಗಿ, ಮಾಧ್ಯಮಗಳನ್ನು ವಿವೇಕದಿಂದ ಬಳಸಲು ಯುವಜನರಿಗೆ ತರಬೇತಿ ನೀಡಬೇಕೆಂದು ವಿಧಿಸಿತು. ಆರು ದಶಕಗಳು ಕಳೆದರೂ ನಮ್ಮಲ್ಲಿ ಅನೇಕರು ಪ್ರತಿಜ್ಞೆಯ ಬಳಿಯೇ ನಿಂತಿದ್ದೇವೆ. ತರಬೇತಿಯ ಪುಟವನ್ನು ತಿರುವಿಯೇ ಇಲ್ಲ.

ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆ ಆಟದಲ್ಲಿಯೂ ಒಂದು ತೆರೆಯಿದೆ, ಹಿಂದೆ ದೀಪವಿದೆ, ಬಣ್ಣ ಬಳಿದ ತೊಗಲಿನ ರಾಮ ರಾವಣರಿದ್ದಾರೆ. ಆದರೆ ನೋಡುತ್ತಿದ್ದ ಊರಿಗೆ ಗೊಂಬೆಯಾಡಿಸುವ ಕೈ ಯಾರದೆಂದು ಗೊತ್ತಿತ್ತು. ಇಂದಿನ ತೆರೆಯ ಹಿಂದಿನ ಕೈಗಳು ನಮ್ಮ ಮಕ್ಕಳಿಗೆ ಕಾಣುವುದಿಲ್ಲ. ಯಾರ ಹಣ, ಯಾರ ಜಾಹೀರಾತು, ಯಾರ ಲಾಭ ಎಂಬುದು ತಿಳಿಯುವುದಿಲ್ಲ. ಅದನ್ನು ತೋರಿಸಿಕೊಡುವುದು ತಂದೆ ತಾಯಿಯರ, ಗುರುಗಳ, ಅಧ್ಯಾಪಕರ ಕೆಲಸ.

ಆದ್ದರಿಂದ ಪ್ರಿಯ ತಂದೆ ತಾಯಿಯರೇ, ವಾರಕ್ಕೊಂದು ಸಂಜೆ ಮಕ್ಕಳ ಪಕ್ಕದಲ್ಲಿ ಕುಳಿತು ಅವರು ನೋಡುವುದನ್ನೇ ನೋಡಿರಿ. ಬಳಿಕ ಮೂರು ಪ್ರಶ್ನೆ ಕೇಳಿರಿ: ಇಲ್ಲಿ ಯಾರನ್ನು ಕಂಡು ನಕ್ಕರು? ಯಾರಿಗೆ ಮಾತೇ ಇರಲಿಲ್ಲ? ಇದರಿಂದ ಯಾರಿಗೆ ಲಾಭ? ಉತ್ತರವನ್ನು ನೀವು ಹೇಳಿಕೊಡಬೇಡಿರಿ, ಅವರೇ ಹೇಳಲಿ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿಯೂ ಈ ಪ್ರಶ್ನೆಗಳಿಗೆ ಕಾಲು ಗಂಟೆ ಸಿಗಲಿ. ಮಕ್ಕಳ ಉತ್ತರ ನಮಗೆ ಹಿಡಿಸದಿರಬಹುದು. ತೆರೆಯ ಮೇಲೆ ಪ್ರಶ್ನೆಯೆತ್ತಲು ಕಲಿತ ಮಗು ನಾಳೆ ನಮ್ಮ ಮನೆಯ, ನಮ್ಮ ಊರಿನ ನಡವಳಿಕೆಯನ್ನೂ ಪ್ರಶ್ನಿಸೀತು. ಆ ಭಯದಿಂದಲೇ ನಾವು ಇಷ್ಟು ದಿನ ಕೇಳದೆ ಉಳಿದೆವೋ ಏನೋ, ಪರೀಕ್ಷಿಸಿಕೊಳ್ಳೋಣ.