ಬಾವಿ ನಮ್ಮದು, ನೀರು ಯಾರದು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಅಂಗಳದ ನೀರನ್ನು ಹೊರಗೆ ಹಾಯಿಸಲು ಹೆಣಗುವ ನಾವೇ ಎಪ್ರಿಲ್‌ನಲ್ಲಿ ಟ್ಯಾಂಕರಿನ ದಾರಿ ಕಾಯುತ್ತೇವೆ. 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ತಳ ಸೇರಿದಾಗ ಮಂಗಳೂರು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡ ವಿಧಿಸುವ ಆಜ್ಞೆ ಹೊರಟಿತು. ಅದು ತಪಸ್ಸುಕಾಲವಾಗಿತ್ತು. ದಂಡದ ಭಯದಿಂದ ಮಾಡುವ ಮಿತವ್ಯಯವನ್ನು ಕ್ರೈಸ್ತನಾದವನು ಭಕ್ತಿಯಿಂದಲೇ ಮಾಡಬೇಕಲ್ಲವೇ?

ಮಳೆಯ ನಾಡಿನಲ್ಲಿ ಬರ ಬಂದುದು ಹೇಗೆ? ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಭೂಮಿಗೆ ಉಣಿಸುತ್ತಿದ್ದ ಭತ್ತದ ಗದ್ದೆಗಳನ್ನು ನಾವು ಮಣ್ಣು ತುಂಬಿಸಿ ನಿವೇಶನಗಳನ್ನಾಗಿ ಮಾಡಿದೆವು. ಊರವರು ಕೂಡಿ ತೋಡಿಗೆ ಹಾಕುತ್ತಿದ್ದ ಕಟ್ಟಗಳನ್ನು ಮರೆತೆವು. ಮದಕಗಳಲ್ಲಿ ಹೂಳು ತುಂಬಿತು. ಅನಂತರ ನೆಲವನ್ನು ಕೊರೆದೆವು. ನೆರೆಯವನು 300 ಅಡಿ ಕೊರೆಸಿದರೆ ನಾವು 500 ಅಡಿ. ಇದು ಕೃಷಿಯಲ್ಲ, ಪೈಪೋಟಿ.

ನೀರಿನ ಅಭಾವ ಎಲ್ಲರನ್ನೂ ಸಮನಾಗಿ ಬಾಧಿಸುವುದಿಲ್ಲ. ಹಣವುಳ್ಳವನ ಮನೆಗೆ ಟ್ಯಾಂಕರ್ ಬರುತ್ತದೆ. ಇಲ್ಲದವನ ಮನೆಯ ತಾಯಿ ಕೊಡ ಹಿಡಿದು ನಳ್ಳಿಯ ಮುಂದೆ ನಿಲ್ಲುತ್ತಾಳೆ, ಮಗಳು ಪಾಠ ಬಿಟ್ಟು ಆಕೆಯ ಜೊತೆಗೆ ನಿಲ್ಲುತ್ತಾಳೆ. ಆದುದರಿಂದ ಇದು ಪ್ರಕೃತಿಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆ.

"ನನ್ನ ಜಾಗ, ನನ್ನ ಹಣ, ನನ್ನ ಬೋರ್‌ವೆಲ್, ಇತರರಿಗೇಕೆ ಲೆಕ್ಕ ಕೊಡಬೇಕು?" ಎನ್ನುವವರುಂಟು. ಕೊರೆಸಿದ ಖರ್ಚು ನಿಮ್ಮದು, ನಿಜ. ಆದರೆ ಭೂಗರ್ಭದ ನೀರಿಗೆ ಗಡಿಕಲ್ಲಿನ ಪರಿಚಯವಿಲ್ಲ. ನಮ್ಮ ಪಂಪು ಎತ್ತುವುದು ಪಕ್ಕದ ಮನೆಯ ತೆರೆದ ಬಾವಿಯ ಪಾಲನ್ನೂ ಇರಬಹುದು. ಸಂತ ಥೋಮಸ್ ಅಕ್ವಿನಾಸರು ಖಾಸಗಿ ಆಸ್ತಿಯನ್ನು ಒಪ್ಪಿದವರು. ಆದರೂ ಒಬ್ಬನಲ್ಲಿ ಮಿಕ್ಕಿರುವುದು ನಿಸರ್ಗ ನಿಯಮದ ಪ್ರಕಾರ ಬಡವನಿಗೆ ಸಲ್ಲತಕ್ಕದ್ದೆಂದು ಅವರು ಬೋಧಿಸಿದರು. ಹಾಗಿದ್ದರೆ ದಾಹಗೊಂಡವನಿಗೆ ಕೊಡುವ ನೀರು ದಾನವಲ್ಲ, ಋಣಸಂದಾಯ. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಮಾನವನ ಮೂಲಭೂತ ಹಕ್ಕೆಂದು ಸಾರಿದುದೂ ಇದೇ ಪರಂಪರೆಯಲ್ಲಿ.

ಆದಿಕಾಂಡದ 26ನೆಯ ಅಧ್ಯಾಯವನ್ನು ಈ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಕೂಡಿ ಓದಬೇಕು. ಅಬ್ರಹಾಮನ ಕಾಲದ ಬಾವಿಗಳನ್ನು ಹಗೆಗಳು ಮಣ್ಣಿನಿಂದ ಮುಚ್ಚಿದ್ದರು. ಮಗನಾದ ಇಸಾಕನು ಅವುಗಳನ್ನು ಮತ್ತೆ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟನು. ಹೊಸದಾಗಿ ತೋಡಿಸಿದ ಬಾವಿಗೆ ಜಗಳ ಬಂದಾಗ ಅದನ್ನು ಬಿಟ್ಟು ಮುಂದೆ ಸಾಗಿದನು, ಎರಡನೆಯದಕ್ಕೂ ಹಾಗೆಯೇ. ಜಗಳವಿಲ್ಲದ ಮೂರನೆಯ ಬಾವಿಗೆ ಅವನಿಟ್ಟ ಹೆಸರು ರೆಹೋಬೋತ್. ಎಲ್ಲರಿಗೂ ಸ್ಥಳವಿದೆ ಎಂಬ ಭಾವ. ನಮ್ಮ ಹಿರಿಯರ ಬಾವಿಗಳನ್ನು ಮುಚ್ಚಿದವರು ಹೊರಗಿನ ಹಗೆಗಳಲ್ಲ, ನಾವೇ. ಮತ್ತೆ ತೋಡಬೇಕಾದವರೂ ನಾವೇ.

ಇದಕ್ಕೆ ಧರ್ಮಕೇಂದ್ರಗಳೇ ಮೊದಲಾಗಲಿ. 500 ಚದರ ಮೀಟರ್ ವಿಸ್ತಾರದ ದೇವಾಲಯದ ಛಾವಣಿಯ ಮೇಲೆ 3,500 ಮಿಲಿಮೀಟರ್ ಮಳೆ ಬಿದ್ದರೆ ಅದು ಹದಿನೇಳೂವರೆ ಲಕ್ಷ ಲೀಟರ್ ನೀರು. ಅದರಲ್ಲಿ ಅರ್ಧವನ್ನಾದರೂ ಸೋಸಿ ಬಾವಿಗೆ ಇಂಗಿಸಬಾರದೇ? ಹಬ್ಬದ ಸಿಡಿಮದ್ದಿನ ಖರ್ಚನ್ನು ಒಂದು ವರ್ಷ ಇದಕ್ಕೆ ವಿನಿಯೋಗಿಸೋಣ. ಚರ್ಚಿನ ಆವರಣದ ಬಾವಿಯಿಂದ ಜಾತಿಮತವೆಣಿಸದೆ ನೆರೆಕರೆಯವರು ಕೊಡ ತುಂಬಿಕೊಳ್ಳುವಂತಾಗಲಿ. ಮನೆಮನೆಗಳಲ್ಲಿ ಪಾತ್ರೆ ತೊಳೆದ ನೀರು ತೆಂಗಿನ ಬುಡ ಸೇರಲಿ.

ಪಾಸ್ಕ ಜಾಗರಣೆಯ ರಾತ್ರಿ ನಾವು ಜ್ಞಾನಸ್ನಾನದ ಜಲವನ್ನು ಆಶೀರ್ವದಿಸುವುದು ನಮ್ಮ ಬಾವಿಗಳು ಬತ್ತುವ ದಿನಗಳಲ್ಲೇ. ಆ ಜಲದಿಂದ ಹೊಸ ಜನ್ಮ ಪಡೆದವರು ನೆರೆಯವನ ಬರಿದಾದ ಕೊಡವನ್ನು ಕಂಡೂ ಕಾಣದಂತಿದ್ದರೆ ನಮ್ಮ ಹಣೆಯ ಮೇಲೆ ಬಿದ್ದ ನೀರಿಗೆ ಅರ್ಥವೇನು? ಸಮಾರಿಯಾದ ಬಾವಿಯ ಬಳಿ ನಡುಹಗಲಲ್ಲಿ ನೀರು ಬೇಡಿದ ಯೇಸುಸ್ವಾಮಿ ಇಂದೂ ನಮ್ಮ ಗೇಟಿನ ಹೊರಗೆ ನಿಂತಿದ್ದಾರೆ. ಕೊಡ ತುಂಬಿಸಿ ಕಳುಹಿಸೋಣ.