ವಾಕಿಂಗ್ ಮಾಡಿ ಅಂತಾರೆ ಡಾಕ್ಟ್ರು, ಜತೆಗೆ ಬರೋರು ಯಾರು?

ತಾಲ್ಲೂಕು ಆಸ್ಪತ್ರೆಯ ಒಪಿಡಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತಿದು: 'ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ, ಟೆನ್ಷನ್ ತಗೋಬೇಡಿ, ನಾಲ್ಕು ಜನರ ಜತೆ ಬೆರೀರಿ.' ಚೀಟಿಯಲ್ಲಿ ಮಾತ್ರ ಬಿಪಿ, ಶುಗರ್ ಮಾತ್ರೆ ಬಿಟ್ಟು ಬೇರೇನೂ ಇರಲ್ಲ. ಬೆಳಗ್ಗೆ ಷಟರ್ ಎತ್ತಿ ರಾತ್ರಿ ಇಳಿಸೋವರೆಗೆ ಗಲ್ಲಾದಲ್ಲೇ ಕೂರುವ ಅಂಗಡಿಯವರಿಗೂ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂಟಿಯಾದ ಅಜ್ಜಿಗೂ ಅದೇ ಸಲಹೆ. ಮಾತ್ರೆ ಮನೆಗೆ ಬರುತ್ತೆ, ಸಲಹೆ ಆಸ್ಪತ್ರೆ ಗೇಟಿನಲ್ಲೇ ಉಳಿಯುತ್ತೆ.

ಇಂಗ್ಲೆಂಡಿನಲ್ಲಿ ಈ ಸಲಹೆಯನ್ನು ಜಾರಿ ಮಾಡಿಸೋಕೇ ಸಿಬ್ಬಂದಿ ಇದ್ದಾರೆ. 'ಲಿಂಕ್ ವರ್ಕರ್' ಅಂತ ಹೆಸರು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2019ರ ಜನವರಿಯಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಇಂಥ 1,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸುವುದಾಗಿ ಹೇಳಿತ್ತು. ಡಾಕ್ಟರ್ ಕಳಿಸಿದ ರೋಗಿಯನ್ನು ಇವರು ಕೂರಿಸಿಕೊಂಡು ಮಾತಾಡ್ತಾರೆ. ನಿದ್ದೆ ಬರುತ್ತಾ, ಮನೇಲಿ ಯಾರಿದ್ದಾರೆ, ಸಾಲದ ಚಿಂತೆ ಇದೆಯಾ ಅಂತ ವಿಚಾರಿಸ್ತಾರೆ. ಆಮೇಲೆ ನಡಿಗೆ ಗುಂಪು, ತೋಟದ ಕೆಲಸ, ಹಾಡಿನ ತಂಡ, ಸಾಲದ ಬಗ್ಗೆ ಸಲಹೆ ಕೊಡುವ ಕೇಂದ್ರ, ಯಾವುದು ಹೊಂದುತ್ತೋ ಅದಕ್ಕೆ ಸೇರಿಸ್ತಾರೆ. ಸಂಕೋಚ ಪಡುವವರ ಜತೆ ಮೊದಲ ದಿನ ತಾವೇ ಹೋಗುವುದೂ ಉಂಟು. ಅರ್ಧ ಕೆಲಸ ಆಗೋದು ಅಲ್ಲೇ.

ಹಾಗಂತ ಅಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ. ಇದರ ಮೇಲಿನ ಅಧ್ಯಯನಗಳಲ್ಲಿ ಹಲವು ಸಣ್ಣವು, ಅಲ್ಪಾವಧಿಯವು ಅನ್ನೋ ಆಕ್ಷೇಪ ಇದೆ. ಸ್ಥಳೀಯ ಗುಂಪಿಗೇ ದುಡ್ಡಿಲ್ಲದೆ ಬಾಗಿಲು ಹಾಕಿದರೆ ರೋಗಿಯನ್ನು ಕಳಿಸೋದೆಲ್ಲಿಗೆ?

ನಮ್ಮಲ್ಲಿ ಕಥೆ ಉಲ್ಟಾ. ಗುಂಪುಗಳಿಗೆ ಬರವಿಲ್ಲ. ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘ, ಪಂಚಾಯಿತಿ ಗ್ರಂಥಾಲಯ, ಸಂಜೆಯ ವಾಲಿಬಾಲ್, ಆಯುಷ್ಮಾನ್ ಆರೋಗ್ಯ ಮಂದಿರದ ಯೋಗ ಎಲ್ಲ ಇವೆ. ರೋಗಿಯನ್ನು ಅಲ್ಲಿಗೆ ಮುಟ್ಟಿಸೋರಿಲ್ಲ. ಮನೆಬಾಗಿಲಿಗೆ ಹೋಗುವ ಕ್ರಮ ರಾಜ್ಯಕ್ಕೆ ಹೊಸದೇನಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ನಿಮ್ಹಾನ್ಸ್ 2005ರಲ್ಲಿ ಶುರುಮಾಡಿದ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತರು ಹಳ್ಳಿಗಳಲ್ಲೇ ರೋಗಿಗಳ ಬೆನ್ನಿಗೆ ನಿಂತಿದ್ದರು.

ಈಗ ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟೋದು ಸುಲಭ. ಆದರೆ ಬಾಣಂತಿ, ಲಸಿಕೆ, ಸರ್ವೆ ಎಲ್ಲ ಅವರದ್ದೇ. ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತವರು ಅವರು. ದುಡ್ಡು ಕೊಡದೆ ಇನ್ನೊಂದು ಕೆಲಸ ಹೇಳೋದು ನ್ಯಾಯ ಅಲ್ಲ.

ಇರುವ ವ್ಯವಸ್ಥೆಯಲ್ಲೇ ದಾರಿ ಹುಡುಕೋದಾದರೆ ಜನ ಆರೋಗ್ಯ ಸಮಿತಿ ಇದೆ. ಉಪಕೇಂದ್ರದ ಮಟ್ಟದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಇದಕ್ಕೂ ಅಧ್ಯಕ್ಷರು, ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಊರಲ್ಲಿ ಯಾವ ಗುಂಪು ಎಲ್ಲಿ, ಎಷ್ಟು ಗಂಟೆಗೆ ಸೇರುತ್ತೆ ಅಂತ ಒಂದು ಪಟ್ಟಿ ಮಾಡಿ ಉಪಕೇಂದ್ರದ ಗೋಡೆಗೆ ಅಂಟಿಸೋಕೆ ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ. ರೋಗಿಯ ಜತೆ ಹೋಗೋಕೆ ಮಾತ್ರ ಸಂಬಳದ ಒಬ್ಬರು ಬೇಕು.

ಪಟ್ಟಿ ಮಾಡುವಾಗ ಕೇಳಬೇಕಾದ ಪ್ರಶ್ನೆಗಳೂ ಇವೆ. ಆ ಭಜನೆಗೆ ಎಲ್ಲ ಕೇರಿಯವರೂ ಬರಬಹುದಾ? ಕತ್ತಲಾದ ಮೇಲೆ ಹೆಂಗಸರು ನಡೆಯೋಕೆ ರಸ್ತೆಯಲ್ಲಿ ದೀಪ ಇದೆಯಾ? ಬೆಳಗ್ಗೆ ಹತ್ತಕ್ಕೆ ಯೋಗ ಇಟ್ಟರೆ ಅಂಗಡಿಯವರು ಬರೋದು ಹೇಗೆ?